ಪೆರುವಿನಿಂದ ಬಂದ ಹನ್ನೆರಡು ಆಲೂಗೆಡ್ಡೆ: ನೆಡಬಹುದೇ?

ಪ್ರಶ್ನೆ: ತಮಿಳುನಾಡಿನ ಬೆಟ್ಟಸೀಮೆಯ ತಾಳವಾಡಿ ಹತ್ತಿರದ ಹಳ್ಳಿಯಲ್ಲಿ ನಮಗೆ ಮೂರು ಎಕರೆ ಜಮೀನಿದೆ. ಆಲೂಗೆಡ್ಡೆ, ಕೋಸು, ಟೊಮೆಟೊ, ಬಾಳೆ ಬೆಳೆಯುತ್ತೇವೆ. ನನ್ನ ಮೈದುನ ಕೆಲಸದ ಮೇಲೆ ಎಂಟು ತಿಂಗಳು ಪೆರು ದೇಶದಲ್ಲಿದ್ದು ಬಂದ. ಬರುವಾಗ ಅಲ್ಲಿನ ಸಂತೆಯಲ್ಲಿ ಕೊಂಡ, ನೇರಳೆ ತಿರುಳಿನ ಹನ್ನೆರಡು ಆಲೂಗೆಡ್ಡೆಗಳನ್ನೂ ಆಲೂಗಿಡದ ಕಾಯಿಯಿಂದ ತೆಗೆದ ಬೀಜದ ಒಂದು ಪೊಟ್ಟಣವನ್ನೂ ತಂದಿದ್ದಾನೆ. ಎರಡು ಗೆಡ್ಡೆಗಳನ್ನು ಹಿತ್ತಿಲಿನಲ್ಲಿ ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ ನೆಟ್ಟೆ. ಗಿಡ ಗೇಣುದ್ದ ಬೆಳೆದಿದೆ, ಎಲೆಯ ಮೇಲೆ ಒಂದು ಮಚ್ಚೆಯೂ ಇಲ್ಲ. ಕೃಷಿ ಓದುತ್ತಿರುವ ಪಕ್ಕದ ಮನೆಯ ಹುಡುಗ, ‘ಇದಕ್ಕೆ ಕ್ವಾರಂಟೈನ್ ಆಗಬೇಕಿತ್ತು, ಹೊರದೇಶದ ವೈರಸ್ ಇರಬಹುದು’ ಎನ್ನುತ್ತಾನೆ. ನಮ್ಮ ಹೊಲದಲ್ಲಿ ಎಲೆ ಮುಟುರು, ಮೊಸಾಯಿಕ್ ಎಂಬ ವೈರಸ್ ರೋಗಗಳು ಹೇಗೂ ಇವೆ. ಇನ್ನೊಂದು ಬಂದರೆ ಅಷ್ಟು ದೊಡ್ಡ ವ್ಯತ್ಯಾಸವಾಗುತ್ತದೆಯೇ? ಈ ಅಪಾಯವನ್ನು ಯಾರು, ಯಾವ ಲೆಕ್ಕದಲ್ಲಿ ಅಳೆಯುತ್ತಾರೆ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ, ಕಾರಣ ಆಮೇಲೆ. ಉಳಿದ ಹತ್ತು ಗೆಡ್ಡೆಗಳನ್ನು ನೆಡಬೇಡಿ, ಯಾರಿಗೂ ಕೊಡಬೇಡಿ. ಬೀಜದ ಪೊಟ್ಟಣವನ್ನು ಬಿಚ್ಚಬೇಡಿ. ಬಕೆಟ್ಟಿನ ಗಿಡಗಳನ್ನು ಮುಟ್ಟಿದ ಕೈಯಲ್ಲಿ ಟೊಮೆಟೊ ಅಥವಾ ಆಲೂ ಹೊಲಕ್ಕೆ ಇಳಿಯಬೇಡಿ. ಆ ಹುಡುಗ ಹೇಳಿದ್ದು ಸರಿ. ನೀವು ನೆಟ್ಟ ಮೇಲಾದರೂ ಕೇಳಿದಿರಿ, ಬಕೆಟ್ಟಿನಲ್ಲಿ ನೆಟ್ಟಿರಿ, ಹೊಲದಲ್ಲಿ ನೆಡಲಿಲ್ಲ. ಅದರಿಂದ ಸಮಯ ಇನ್ನೂ ಕೈಮೀರಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ‘ಎಲೆಯ ಮೇಲೆ ಒಂದು ಮಚ್ಚೆಯೂ ಇಲ್ಲ’ ಎಂಬ ಮಾತು. ಅಂಗಮಾರಿ ಬಂದರೆ ಎಲೆ ಸುಡುತ್ತದೆ, ಗೆಡ್ಡೆ ಕೊಳೆಯುತ್ತದೆ, ಕಣ್ಣಿಗೆ ಬೀಳುತ್ತದೆ. ನಂಜಾಣುವಿನ, ಅಂದರೆ ವೈರಸ್ಸಿನ, ರೀತಿ ಬೇರೆ. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದಲ್ಲಿ ಪೆರುವನ್ನೂ ಹಾಯುವ ಆಂಡೀಸ್ ಪರ್ವತಗಳು. ಅಲ್ಲಿನ ರೈತರು ಸಾವಿರಾರು ವರ್ಷಗಳಿಂದ ಗೆಡ್ಡೆಯನ್ನೇ ಮತ್ತೆ ಮತ್ತೆ ನೆಡುತ್ತ ಬಂದಿದ್ದಾರೆ. ಗಿಡ ಬೇಗ ಸತ್ತರೆ ನಂಜಾಣುವೂ ಅದರೊಂದಿಗೆ ಮುಗಿಯುತ್ತದೆ. ಹಾಗಾಗಿ ಆ ಗಿಡಗಳೊಂದಿಗೆ ಬಹುಕಾಲ ಬಾಳಿದ ನಂಜಾಣುಗಳಲ್ಲಿ ಎಷ್ಟೋ ತವರಿನ ತಳಿಗಳಲ್ಲಿ ಸದ್ದಿಲ್ಲದೆ ಕುಳಿತಿರುತ್ತವೆ. ಗಿಡ ಹಸಿರಾಗಿರುತ್ತದೆ, ಗೆಡ್ಡೆ ಹೊಳೆಯುತ್ತದೆ, ಒಳಗೆ ನಂಜು ಇರುತ್ತದೆ. ಅದೇ ನಂಜು ಬೇರೆ ಹವೆಯಲ್ಲಿ, ಬೇರೆ ತಳಿಯಲ್ಲಿ, ಈಗಾಗಲೇ ಇಲ್ಲಿರುವ ಇನ್ನೊಂದು ನಂಜಿನ ಜೊತೆ ಸೇರಿದಾಗ ಹೇಗೆ ವರ್ತಿಸುತ್ತದೆ ಎಂಬುದು ತವರಿನಲ್ಲಿ ನೋಡಿದವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹೊರದೇಶದ ಗೆಡ್ಡೆ ಪರೀಕ್ಷಿಸುವಾಗ ರೋಗದ ಗೆಡ್ಡೆಗಿಂತ ಚೆಂದದ ಗೆಡ್ಡೆಯ ಮೇಲೆಯೇ ನನಗೆ ಅನುಮಾನ ಹೆಚ್ಚು. ರೋಗ ಕಂಡದ್ದನ್ನು ಯಾರಾದರೂ ಎಸೆಯುತ್ತಾರೆ. ಚೆಂದ ಕಂಡದ್ದನ್ನು ನಂಟರಿಗೆ ಹಂಚುತ್ತಾರೆ.

ಈಗ ಅಳೆಯುವ ಲೆಕ್ಕಕ್ಕೆ ಬರೋಣ. ಇದಕ್ಕೆ ಪೀಡೆ ಅಪಾಯ ವಿಶ್ಲೇಷಣೆ ಎಂದು ಹೆಸರು. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪಿಕೊಂಡ ಒಂದು ಕ್ರಮ ಅದಕ್ಕಿದೆ. ನಮ್ಮಲ್ಲಿ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆಯ ಅಡಿ 2003ರಲ್ಲಿ ಬಂದ ಸಸ್ಯ ಕ್ವಾರಂಟೈನ್ ಆದೇಶ ಇದನ್ನು ಕಡ್ಡಾಯ ಮಾಡುತ್ತದೆ. ಫರಿದಾಬಾದಿನಲ್ಲಿರುವ ಕೇಂದ್ರದ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ದಾಸ್ತಾನು ನಿರ್ದೇಶನಾಲಯ ಈ ಆದೇಶವನ್ನು ಜಾರಿ ಮಾಡುತ್ತದೆ. ಸಂಶೋಧನೆಗೆಂದು ಬರುವ ತಳಿಗಳು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಮೂಲಕವೇ ಒಳಗೆ ಬರಬೇಕು.

ಕಾಗದದ ಮೇಲೆ ಇದು ನೂರಾರು ಪುಟ. ತಿರುಳು ಮಾತ್ರ ನೀವು ಹಸು ಕೊಳ್ಳುವಾಗ ಕೇಳುವಂಥ ಪ್ರಶ್ನೆಗಳೇ. ಈ ನಂಜು ನಮ್ಮಲ್ಲಿ ಈಗಾಗಲೇ ಇದೆಯೇ? ಇಲ್ಲವಾದರೆ ಯಾವ ದಾರಿಯಲ್ಲಿ ಬರಬಹುದು? ಬಂದರೆ ಇಲ್ಲಿ ಬದುಕುತ್ತದೆಯೇ, ಅದನ್ನು ಗಿಡದಿಂದ ಗಿಡಕ್ಕೆ ಹೊರುವ ಹುಳು ಇಲ್ಲಿದೆಯೇ? ಹರಡಿದರೆ ಯಾರಿಗೆ ಎಷ್ಟು ನಷ್ಟ? ಬಂದದ್ದನ್ನು ಪತ್ತೆ ಹಚ್ಚಿ ಹಿಂದಕ್ಕೆ ಅಟ್ಟಲು ಆಗುತ್ತದೆಯೇ? ಒಂದೊಂದು ನಂಜಾಣುವಿಗೂ ಈ ಉತ್ತರಗಳು ಬೇರೆಬೇರೆ. ಆದ್ದರಿಂದ ‘ವಿದೇಶಿ ವೈರಸ್’ ಎಂದು ಒಟ್ಟಿಗೆ ಹೆದರುವುದೂ ತಪ್ಪು, ಒಟ್ಟಿಗೆ ಕಡೆಗಣಿಸುವುದೂ ತಪ್ಪು.

ನಿಮ್ಮ ಊರಿಗೆ ಹೊಂದುವ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಕೊಲಂಬಿಯಾ, ಈಕ್ವೆಡಾರ್, ಪೆರು, ವೆನೆಜುವೆಲಾ ದೇಶಗಳಲ್ಲಿ ಆಲೂಗೆಡ್ಡೆಯ ಹಳದಿ ನರ ನಂಜಾಣು ಎಂಬುದಿದೆ. ಮೊದಲು ಎಲೆಯ ನರಗಳು, ಆಮೇಲೆ ಇಡೀ ಎಲೆ ಅರಿಸಿನ ಬಳಿದಂತೆ ಹಳದಿಯಾಗುತ್ತದೆ. ಇಳುವರಿ ಅರ್ಧಕ್ಕೆ ಇಳಿದ ಉದಾಹರಣೆಗಳು ಅಲ್ಲಿವೆ. ಇದು ಗೆಡ್ಡೆಯ ಮೂಲಕ ಮುಂದಿನ ಬೆಳೆಗೆ ದಾಟುತ್ತದೆ. ಸೋಂಕು ತಗುಲಿದ ಗಿಡ ಲಕ್ಷಣ ತೋರದೆಯೂ ಇರಬಹುದು. ಟೊಮೆಟೊ ಗಿಡದಲ್ಲಿಯೂ ಇದು ಸಿಕ್ಕಿದೆ. ಇದನ್ನು ಹೊರುವುದು ಒಂದು ಜಾತಿಯ ಬಿಳಿ ನೊಣ. ನೀವು ಹತ್ತಿಯಲ್ಲಿ, ಬದನೆಯಲ್ಲಿ ನೋಡುವ ಬಯಲುಸೀಮೆಯ ಬಿಳಿ ನೊಣವಲ್ಲ. ತಂಪು ಹವೆಯನ್ನು, ಹಸಿರುಮನೆಯನ್ನು ಇಷ್ಟಪಡುವ ಅದರ ದಾಯಾದಿ.

ಈಗ ಪ್ರಶ್ನೆಗಳನ್ನು ಒಂದೊಂದಾಗಿ ಇಡಿ. ದಾರಿ ಯಾವುದು? ಗೆಡ್ಡೆ, ಅಂದರೆ ನಿಮ್ಮ ಮೈದುನನ ಚೀಲ. ಹೊರುವ ಹುಳು ಇಲ್ಲಿದೆಯೇ? ಇದೆ. ಆ ತಂಪುಪ್ರಿಯ ಬಿಳಿ ನೊಣ ನೀಲಗಿರಿಯಲ್ಲಿರುವುದು ದಶಕಗಳ ಹಿಂದೆಯೇ ದಾಖಲಾಗಿದೆ, ಮತ್ತು ನೀಲಗಿರಿ ನಿಮಗೆ ಎಷ್ಟು ದೂರ ಎಂಬುದು ನನಗಿಂತ ನಿಮಗೇ ಗೊತ್ತು. ಹವೆ? ದಿಂಬಂ ಘಾಟಿ ಹತ್ತಿದ ಮೇಲೆ ನಿಮ್ಮ ಕಡೆ ಬೀಸುವ ತಂಪು ಗಾಳಿ ಕೆಳಗಿನ ಸತ್ಯಮಂಗಲದ ಗಾಳಿಯಲ್ಲ. ಆಶ್ರಯ ಕೊಡುವ ಬೆಳೆ? ಆಲೂ ತೆಗೆದ ಹೊಲದಲ್ಲಿ ಟೊಮೆಟೊ, ಟೊಮೆಟೊ ಮುಗಿಯುವಷ್ಟರಲ್ಲಿ ಪಕ್ಕದ ಹೊಲದಲ್ಲಿ ಆಲೂ. ನಂಜಾಣುವಿಗೆ ವರ್ಷಪೂರ್ತಿ ಮನೆ ಸಿದ್ಧ. ಇನ್ನು ಒಮ್ಮೆ ಬಿತ್ತನೆಯಲ್ಲಿ ಸೇರಿಕೊಂಡರೆ? ನಿಮ್ಮ ಒಂದು ಗೆಡ್ಡೆಗೆ ಎಂಟು ಗೆಡ್ಡೆ ಬರುತ್ತದೆ, ಎಲ್ಲಕ್ಕೂ ನಂಜು ದಾಟುತ್ತದೆ ಎಂದಿಟ್ಟುಕೊಂಡರೆ ಎರಡನೆಯ ಬೆಳೆಗೆ ಅರವತ್ತನಾಲ್ಕು, ಮೂರನೆಯದಕ್ಕೆ 512, ನಾಲ್ಕನೆಯದಕ್ಕೆ 4,096. ಇದು ಬಿಳಿ ನೊಣದ ನೆರವಿಲ್ಲದೆ, ಬರೀ ನಿಮ್ಮ ಕೈಯಿಂದ ಆಗುವ ಹೆಚ್ಚಳ. ಹೀಗೆ ಒಂದೊಂದು ಬಾಗಿಲೂ ತೆರೆದಿದ್ದರೆ ಆ ನಂಜಾಣು ಅತಿ ಅಪಾಯದ ಸಾಲಿಗೆ ಸೇರುತ್ತದೆ. ನನ್ನ ಮಟ್ಟಿಗೆ ದಕ್ಷಿಣದ ಬೆಟ್ಟಸೀಮೆಗೆ ಇದಕ್ಕಿಂತ ಭಯದ ಆಲೂ ನಂಜು ಬೇರೆ ಇಲ್ಲ.

ಇದರ ಪಕ್ಕದಲ್ಲಿ ಪೆರು, ಬೊಲಿವಿಯಾ ಕಡೆಯದೇ ಆದ ಆಲೂಗೆಡ್ಡೆ ಟಿ ನಂಜಾಣುವನ್ನು ಇಟ್ಟು ನೋಡಿ. ಹೆಚ್ಚಿನ ತಳಿಗಳಲ್ಲಿ ಇದು ಲಕ್ಷಣವನ್ನೇ ತೋರಿಸುವುದಿಲ್ಲ. ಹೊರುವ ಹುಳು ಯಾವುದೂ ಪತ್ತೆಯಾಗಿಲ್ಲ. ಗೆಡ್ಡೆ, ಬೀಜ, ಪರಾಗ, ಗಿಡದ ರಸದ ಸ್ಪರ್ಶ, ಇಷ್ಟೇ ಅದರ ದಾರಿಗಳು. ರೈತನ ಹೊಲದಲ್ಲಿ ಇದು ಬೆಂಕಿಯಂತೆ ಹರಡುವುದಿಲ್ಲ. ಆದರೆ ತಳಿ ಅಭಿವೃದ್ಧಿ ಮಾಡುವವರಿಗೆ ಇದು ದುಃಸ್ವಪ್ನ. ಒಂದು ಸೋಂಕಿನ ಗಿಡದ ಪರಾಗ ಬಳಸಿದರೆ ಅದರ ಬೀಜದಿಂದ ಬಂದ ಗಿಡಗಳಿಗೂ ನಂಜು ಇಳಿಯಬಹುದು. ಒಂದೇ ದೇಶದಿಂದ ಬಂದ ಎರಡು ನಂಜುಗಳು, ಒಂದಕ್ಕೆ ನೀವು ಭಯಪಡಬೇಕು, ಇನ್ನೊಂದಕ್ಕೆ ಸಂಶೋಧನಾ ಕೇಂದ್ರ ಭಯಪಡಬೇಕು. ಈ ತೂಕ ಗೊತ್ತಿಲ್ಲದೆ ಎಲ್ಲಕ್ಕೂ ಒಂದೇ ಬೀಗ ಹಾಕಿದರೆ, ನಮಗೆ ಬೇಕಾದ ಒಳ್ಳೆಯ ತಳಿಗಳೂ ಬಾಗಿಲ ಹೊರಗೇ ಉಳಿಯುತ್ತವೆ.

ಬೀಜದ ಪೊಟ್ಟಣದ ವಿಚಾರದಲ್ಲಿ ಹಲವರಿಗೆ ಒಂದು ತಪ್ಪು ನಂಬಿಕೆಯಿದೆ: ಕಾಯಿಯ ಬೀಜದಲ್ಲಿ ವೈರಸ್ ಬರುವುದಿಲ್ಲ ಎಂದು. ಅದು ಅರ್ಧ ಸತ್ಯ. ನೀವು ಹೊಲದಲ್ಲಿ ನೋಡುವ ಎಲೆ ಮುಟುರು ನಂಜಾಣು, ವೈ ನಂಜಾಣು, ಎಕ್ಸ್ ನಂಜಾಣು ಇವು ಬೀಜದಲ್ಲಿ ದಾಟುವುದಿಲ್ಲ. ಆದರೆ ಆಗ ಹೇಳಿದ ಟಿ ನಂಜಾಣು ದಾಟುತ್ತದೆ, ಆಂಡೀಸಿನ ಸುಪ್ತ ನಂಜಾಣುವೂ ಸ್ವಲ್ಪ ಪ್ರಮಾಣದಲ್ಲಿ ದಾಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕದಿರುಗೆಡ್ಡೆ ವೈರಾಯ್ಡ್ ದಾಟುತ್ತದೆ. ಗೆಡ್ಡೆ ನೂಲುವ ಕದಿರಿನಂತೆ ಎರಡೂ ತುದಿಗೆ ಚೂಪಾಗುವುದರಿಂದ ಈ ರೋಗಕ್ಕೆ ಆ ಹೆಸರು. ಇದು ವೈರಸ್ ಕೂಡ ಅಲ್ಲ. ವೈರಸ್ಸಿಗೆ ಪ್ರೋಟೀನಿನ ಕವಚವಿರುತ್ತದೆ, ಇದಕ್ಕೆ ಅದೂ ಇಲ್ಲ. ಆನುವಂಶಿಕ ಸಂದೇಶದ ಸುಮಾರು 359 ಅಕ್ಷರಗಳಷ್ಟು ಉದ್ದದ ಬರಿಯ ಆರ್‌ಎನ್‌ಎ ಉಂಗುರ. ಅಮೆರಿಕದ ವಿಜ್ಞಾನಿ ಥಿಯೊಡೋರ್ ಡೀನರ್ 1971ರಲ್ಲಿ ಇದರ ಗುಟ್ಟು ಬಿಡಿಸಿ ವೈರಾಯ್ಡ್ ಎಂದು ಹೆಸರಿಟ್ಟರು.

ಕವಚವಿಲ್ಲ ಎಂಬುದು ಪುಸ್ತಕದ ಸಂಗತಿ ಮಾತ್ರವಲ್ಲ. ಪ್ರಯೋಗಾಲಯಗಳಲ್ಲಿ ಎಲ್ಲಕ್ಕಿಂತ ಅಗ್ಗವಾದ ಎಲಿಸಾ ಪರೀಕ್ಷೆ ವೈರಸ್ಸಿನ ಪ್ರೋಟೀನನ್ನು ಹುಡುಕುತ್ತದೆ. ಪ್ರೋಟೀನೇ ಇಲ್ಲದ ವೈರಾಯ್ಡ್ ಅದಕ್ಕೆ ಕಾಣುವುದೇ ಇಲ್ಲ. ಆರ್‌ಟಿ-ಪಿಸಿಆರ್‌ನಂಥ, ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆ ಬೇಕು. ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಮೂಗಿಗೆ ಮಾಡಿದ ಪರೀಕ್ಷೆಯ ಬಗೆಯೇ. ಮೇಲಾಗಿ ವೈರಾಯ್ಡ್ ಬೆಚ್ಚನೆಯ ಹವೆಯಲ್ಲಿ ಹೆಚ್ಚು ಬೆಳೆಯುತ್ತದೆ, ಗೆಡ್ಡೆ ಕೊಯ್ಯುವ ಚಾಕುವಿನಲ್ಲಿ ಅಂಟಿ ಹರಡುತ್ತದೆ. ಬಿತ್ತನೆಗೆಂದು ಗೆಡ್ಡೆ ಕೊಯ್ದು ನೆಡುವ ನಮ್ಮ ಪದ್ಧತಿಯಲ್ಲಿ ಒಂದು ಚಾಕು ಒಂದು ಬೆಳಿಗ್ಗೆ ಎಷ್ಟು ಗೆಡ್ಡೆಗಳನ್ನು ಹಾದುಹೋಗುತ್ತದೆ ಎಂದು ಎಣಿಸಿ.

‘ಹೇಗೂ ನಮ್ಮಲ್ಲಿ ವೈರಸ್ ಇದೆಯಲ್ಲ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಇದನ್ನು ಓದಿದವರೂ ಕೇಳುತ್ತಾರೆ. ನಿಜ, ನಮ್ಮಲ್ಲಿ ಎಕ್ಸ್, ವೈ, ಎಸ್, ಎ, ಎಂ ಎಂಬ ಅಕ್ಷರದ ನಂಜಾಣುಗಳೂ ಎಲೆ ಮುಟುರು ನಂಜಾಣುವೂ ಹಿಂದಿನಿಂದ ಇವೆ. ಆದರೆ ಹೆಸರು ಒಂದೇ ಇದ್ದರೂ ಒಳಗಿನ ಬಗೆಗಳು ಬೇರೆ. ಎಕ್ಸ್ ನಂಜಾಣುವನ್ನು ತಡೆಯಲು ತಳಿ ಅಭಿವೃದ್ಧಿ ಮಾಡುವವರು ದಶಕಗಳ ಕಾಲ ದುಡಿದು ಗಿಡಕ್ಕೆ ನಿರೋಧಕ ಗುಣ ತಂದರು. ಬೊಲಿವಿಯಾದಲ್ಲಿ ಸಿಕ್ಕ ಎಚ್‌ಬಿ ಎಂಬ ಬಗೆ ಆ ನಿರೋಧಕ ಗುಣಗಳನ್ನೆಲ್ಲ ಮುರಿಯುತ್ತದೆ. ಅದು ಇಲ್ಲಿಗೆ ಬಂದರೆ ಹೊಸ ರೋಗ ಬಂದಂತೆ ಕಾಣುವುದಿಲ್ಲ. ಹಳೆಯ ರೋಗಕ್ಕೆ ಇದ್ದ ಬೇಲಿ ಸದ್ದಿಲ್ಲದೆ ಕುಸಿದಿರುತ್ತದೆ. ಯುರೋಪಿನ ದೇಶಗಳು ತಮ್ಮಲ್ಲಿರುವ ವೈರಸ್‌ಗಳದ್ದೇ ಆದರೂ ಯುರೋಪಿನ ಹೊರಗಿನ ಬಗೆಗಳನ್ನು ಕ್ವಾರಂಟೈನ್ ಪಟ್ಟಿಯಲ್ಲಿ ಇಟ್ಟಿರುವುದು ಈ ಕಾರಣಕ್ಕೆ. ಅದು ಸರಿಯಾದ ನಿಲುವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೀವು ಬಾಳೆಯನ್ನೂ ಬೆಳೆಯುತ್ತೀರಿ ಎಂದು ಬರೆದಿದ್ದೀರಿ. ಎಲೆಗಳೆಲ್ಲ ತುದಿಯಲ್ಲಿ ಗೊಂಚಲಾಗಿ ಕೂರುವ ಬಂಚಿ ಟಾಪ್ ರೋಗ ನಿಮಗೆ ಗೊತ್ತಿರಬೇಕು. ಅದು 1940ರ ಹೊತ್ತಿಗೆ ಶ್ರೀಲಂಕಾದಿಂದ ಕೇರಳಕ್ಕೆ ಬಂದದ್ದು. ಅದನ್ನು ಗಿಡದಿಂದ ಗಿಡಕ್ಕೆ ಹೊರುವ ಬಾಳೆಯ ಹೇನು ಮೊದಲೇ ಇಲ್ಲಿತ್ತು, ಇಲ್ಲದೇ ಇದ್ದದ್ದು ನಂಜಾಣು ಒಂದೇ. ನೆಡುವ ಕಂದು, ಅಂದರೆ ಬಾಳೆಯ ಮರಿ, ಅದನ್ನೂ ತಂದುಕೊಟ್ಟಿತು. ಪಳನಿ ಬೆಟ್ಟದ ಇಳಿಜಾರಿನಲ್ಲಿದ್ದ ವಿರೂಪಾಕ್ಷಿ ಬಾಳೆಯ ತೋಟಗಳು ಅದರಿಂದ ಹಾಳಾದವು. ಹೆಸರುವಾಸಿಯಾದ ಆ ಬಾಳೆಯನ್ನು ಅಂಗಾಂಶ ಕೃಷಿಯಿಂದ, ಶುದ್ಧ ಸಸಿಗಳಿಂದ ಮತ್ತೆ ಎಬ್ಬಿಸಬೇಕಾಯಿತು.

ಆಲೂಗೆಡ್ಡೆಯಲ್ಲೇ ಇನ್ನೂ ಹತ್ತಿರದ ಪಾಠವಿದೆ, ಅದು ವೈರಸ್ಸಿನದಲ್ಲ. 1961ರಲ್ಲಿ ಇಂಗ್ಲೆಂಡಿನ ಜಂತುತಜ್ಞ ಜೋನ್ಸ್ ಊಟಿಯಲ್ಲಿ ಆಲೂಗೆಡ್ಡೆಯ ಬೇರಿನ ಮೇಲೆ ಸಾಸಿವೆಗಿಂತ ಚಿಕ್ಕ ಕೋಶಗಳನ್ನು ಕಂಡರು. ಅದು ಕೋಶಜಂತು, ಬೇರಿಗೆ ಅಂಟಿ ಬದುಕುವ ಸಣ್ಣ ಹುಳು. ಅದರ ತವರೂ ಆಂಡೀಸೇ. ಒಂದೊಂದು ಕೋಶದೊಳಗೆ ನೂರಾರು ಮೊಟ್ಟೆ, ಅವು ಇಪ್ಪತ್ತು ವರ್ಷ ದಾಟಿಯೂ ಮಣ್ಣಿನಲ್ಲಿ ಜೀವಂತ ಉಳಿಯುತ್ತವೆ. 1971ರಿಂದ ತಮಿಳುನಾಡಿನ ಬಿತ್ತನೆ ಗೆಡ್ಡೆ ಹೊರರಾಜ್ಯಕ್ಕೆ ಹೋಗದಂತೆ ದೇಶದೊಳಗಿನ ಕ್ವಾರಂಟೈನ್ ಇದೆ. ಅಂದರೆ ಯಾರೋ ಯಾವಾಗಲೋ ಹೊರಗಿನಿಂದ ತಂದ ಬಿತ್ತನೆಯ ಮಣ್ಣಿಗೆ ನೀಲಗಿರಿಯ ರೈತರು ಅರ್ಧ ಶತಮಾನಕ್ಕೂ ಮೀರಿ ಬೆಲೆ ತೆರುತ್ತಿದ್ದಾರೆ. ಅಷ್ಟು ಕಾವಲಿದ್ದೂ 2018ರ ಹೊತ್ತಿಗೆ ಅದು ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರದಲ್ಲಿಯೂ ಕಂಡು ಅಲ್ಲಿನ ಬಿತ್ತನೆಗೂ ನಿರ್ಬಂಧ ಬಂತು. ನಿಮ್ಮ ಮೈದುನ ತಂದ ಗೆಡ್ಡೆಗಳ ಕಣ್ಣಿನ ಕುಳಿಯಲ್ಲಿ ಒಣ ಮಣ್ಣು ಇದ್ದರೆ, ನಾನು ವೈರಸ್ಸಿಗಿಂತ ಮೊದಲು ಆ ಮಣ್ಣನ್ನು ನೋಡುತ್ತೇನೆ.

ಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಣ್ಣ ಲೆಕ್ಕವೊಂದನ್ನು ಮಾಡೋಣ. ಎಕರೆಗೆ ಎಂಟು ಕ್ವಿಂಟಲ್ ಬಿತ್ತನೆ, ಗೆಡ್ಡೆ ತಲಾ ನಲವತ್ತು ಗ್ರಾಂ ಎಂದರೆ ಇಪ್ಪತ್ತು ಸಾವಿರ ಗೆಡ್ಡೆ. ಅದರಲ್ಲಿ ನೂರಕ್ಕೆ ಒಂದು ಸೋಂಕಿನದು ಎಂದುಕೊಳ್ಳಿ. ಇನ್ನೂರು ಗೆಡ್ಡೆ ತೆಗೆದು ಪರೀಕ್ಷಿಸಿದರೂ ಒಂದೂ ಸಿಗದೆ ಹೋಗುವ ಸಾಧ್ಯತೆ ನೂರಕ್ಕೆ ಹದಿಮೂರು. ಸೋಂಕು ಸಾವಿರಕ್ಕೆ ಒಂದು ಇದ್ದರೆ, ಅದೇ ಇನ್ನೂರು ಗೆಡ್ಡೆಯ ಪರೀಕ್ಷೆ ನೂರರಲ್ಲಿ ಎಂಬತ್ತೆರಡು ಸಲ ‘ಶುದ್ಧ’ ಎಂದೇ ಹೇಳುತ್ತದೆ. ಆದರೆ ಹೊಲದಲ್ಲಿ ಎಕರೆಗೆ ಇಪ್ಪತ್ತು ನಂಜಿನ ಗಿಡ ನಿಂತಿರುತ್ತವೆ. ಇದಲ್ಲದೆ ನಿದ್ದೆಯಲ್ಲಿರುವ ಗೆಡ್ಡೆಯಲ್ಲಿ ನಂಜಾಣುವಿನ ಪ್ರಮಾಣ ಕಡಿಮೆಯಿರಬಹುದು. ಮೊಳಕೆ ಬರಿಸಿ, ಗಿಡ ಬೆಳೆಸಿ ಪರೀಕ್ಷಿಸಿದರೆ ಫಲಿತಾಂಶ ಹೆಚ್ಚು ನಂಬಿಕೆಗೆ ಅರ್ಹ. ಹಾಗಾಗಿ ಲಾರಿಗಟ್ಟಲೆ ಗೆಡ್ಡೆ ತರಿಸಿ ಬಂದರಿನಲ್ಲಿ ಪರೀಕ್ಷಿಸುವ ದಾರಿಯನ್ನು ನಾನು ಎಂದೂ ಒಪ್ಪಿಲ್ಲ.

ಒಪ್ಪುವ ದಾರಿ ನಿಧಾನದ್ದು. ಗೆಡ್ಡೆ ಬೇಡ, ಗಾಜಿನ ಕೊಳವೆಯಲ್ಲಿ ಬೆಳೆದ ಸಣ್ಣ ಸಸಿ ಬರಲಿ. ಪೆರುವಿನ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ತಳಿಗಳನ್ನು ಹೊರದೇಶಗಳಿಗೆ ಕೊಡುವುದು ಹೀಗೆಯೇ. ಗಿಡವನ್ನು ಕೆಲವು ವಾರ ಬಿಸಿಯಲ್ಲಿಟ್ಟು, ಬೆಳೆಯುವ ತುದಿಯಿಂದ ಮಿಲಿಮೀಟರಿಗೂ ಚಿಕ್ಕ ಚೂರನ್ನು ಕತ್ತರಿಸಿ ಹೊಸ ಸಸಿ ಎಬ್ಬಿಸಿದರೆ ಹೆಚ್ಚಿನ ವೈರಸ್‌ಗಳು ಹಿಂದೆ ಉಳಿಯುತ್ತವೆ. ವೈರಾಯ್ಡ್ ಮಾತ್ರ ಈ ಬಿಸಿಗೆ ಬಗ್ಗುವುದಿಲ್ಲ. ಆಮೇಲೆ ಪರೀಕ್ಷೆ, ಅದೂ ಯಂತ್ರದ್ದು ಮಾತ್ರವಲ್ಲ. ಸಸಿಯ ರಸವನ್ನು ಸೂಚಕ ಗಿಡಗಳ ಎಲೆಗೆ ಉಜ್ಜಿ ಕಾಯುತ್ತಾರೆ. ಆ ಸಾಲಿನಲ್ಲಿ ಕಾಡು ಹೊಗೆಸೊಪ್ಪಿನ ಜಾತಿಗಳಿವೆ, ಉಮ್ಮತ್ತಿ ಇದೆ, ನಾವು ಸಾರಿಗೆ ಹಾಕುವ ಚಕ್ಕೋತ ಸೊಪ್ಪಿನ ಬಳಗದ ಕಿನೋವಾ ಇದೆ. ಇವು ಎಷ್ಟೋ ನಂಜುಗಳಿಗೆ ಕೆಲವೇ ದಿನಗಳಲ್ಲಿ ಮಚ್ಚೆ ತೋರಿಸುತ್ತವೆ. ಪಿಸಿಆರ್ ನಾವು ಹುಡುಕಿದ್ದನ್ನು ಮಾತ್ರ ಹೇಳುತ್ತದೆ. ಈ ಗಿಡಗಳು ನಾವು ಹುಡುಕದೇ ಇದ್ದದ್ದನ್ನೂ ಹೇಳಿಬಿಡುತ್ತವೆ. ಹೊಸ ಯಂತ್ರಗಳು ಎಷ್ಟೇ ಬರಲಿ, ಸೂಚಕ ಗಿಡಗಳ ಆ ಬಿಸಿಲುಮನೆಯನ್ನು ಮುಚ್ಚಬಾರದು ಎಂದು ನಾನು ಇಂದಿಗೂ ವಾದಿಸುತ್ತೇನೆ.

ಈಗ ನಿಮ್ಮ ಮನೆಯ ಕೆಲಸ. ಉಳಿದ ಗೆಡ್ಡೆಗಳನ್ನೂ ಬೀಜವನ್ನೂ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಚೆನ್ನೈನಲ್ಲಿ ಪ್ರಾದೇಶಿಕ ಸಸ್ಯ ಕ್ವಾರಂಟೈನ್ ಕೇಂದ್ರವಿದೆ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಯ ಮೂಲಕ ಅವರಿಗೆ ತಿಳಿಸಿ ಒಪ್ಪಿಸಿ. ಅನುಮತಿಯಿಲ್ಲದೆ ತಂದದ್ದು ತಪ್ಪು ಎಂಬುದು ನಿಜ. ಆದರೆ ತಾನಾಗಿ ಬಂದು ಹೇಳಿದವರನ್ನು ಗದರಿಸಿ ಕಳುಹಿಸಿದರೆ ಮುಂದಿನವರು ಹೇಳುವುದೇ ಇಲ್ಲ ಎಂದು ಆ ಅಧಿಕಾರಿಗಳಿಗೂ ನಾನು ಹೇಳಬಯಸುತ್ತೇನೆ.

ಒಪ್ಪಿಸುವುದು ಆಗದಿದ್ದರೆ ಗೆಡ್ಡೆಗಳನ್ನು ತೊಳೆಯದೆ, ಮಣ್ಣು ಸಮೇತ ಹಳೆಯ ಪಾತ್ರೆಯಲ್ಲಿ ಹಾಕಿ ಪೂರ್ತಿ ಮೆತ್ತಗಾಗುವವರೆಗೆ ಕುದಿಸಿ, ಹೊಲದಿಂದ ದೂರ ಆಳವಾಗಿ ಹೂಳಿ. ಬೀಜವನ್ನು ಒಲೆಗೆ ಹಾಕಿ. ತಿಪ್ಪೆಗೆ ಎಸೆಯಬೇಡಿ, ದನಕ್ಕೆ ಹಾಕಬೇಡಿ. ಸಸ್ಯದ ನಂಜಾಣುಗಳಿಂದ ದನಕ್ಕಾಗಲಿ ನಿಮಗಾಗಲಿ ಕಾಯಿಲೆ ಬರುವುದಿಲ್ಲ, ಆದರೆ ತಿಂದು ಉಳಿದ ಚೂರು ಗೊಬ್ಬರದೊಂದಿಗೆ ಹೊಲ ಸೇರುತ್ತದೆ. ಮೊಳಕೆ ಒಡೆದು ಹಸಿರಾದ ಗೆಡ್ಡೆ ತಿನ್ನುವುದಂತೂ ಬೇರೆ ಕಾರಣಕ್ಕೂ ಒಳ್ಳೆಯದಲ್ಲ. ಬಕೆಟ್ಟಿನ ಗಿಡಗಳನ್ನು ಬೇರು, ಮರಿಗೆಡ್ಡೆ, ಮಣ್ಣು ಎಲ್ಲದರ ಜೊತೆ ಕಿತ್ತು, ಗಿಡವನ್ನು ಸುಟ್ಟು, ಮಣ್ಣಿನ ಮೇಲೆ ಕುದಿಯುವ ನೀರನ್ನು ಒಂದಕ್ಕಿಂತ ಹೆಚ್ಚು ಸಲ ಸುರಿಯಿರಿ. ಆ ಮಣ್ಣು ಹಿತ್ತಿಲಿನಿಂದ ಹೊಲಕ್ಕೆ ಹೋಗಬಾರದು. ಗೆಡ್ಡೆ ಕೊಯ್ದ ಚಾಕು, ಬಕೆಟ್ಟು ಎರಡನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಿರಿ, ಕೈಯನ್ನು ಸೋಪಿನಲ್ಲಿ.

ನೇರಳೆ ಬಣ್ಣದ ಮೇಲಿನ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ನೇರಳೆ ಸಿಪ್ಪೆಯ ಕುಫ್ರಿ ನೀಲಕಂಠ, ನೇರಳೆ ತಿರುಳಿನ ಕುಫ್ರಿ ಜಾಮುನಿಯಾ ತಳಿಗಳನ್ನು ಹೊರತಂದಿದೆ. ಉತ್ತರದ ಬಯಲಿಗೆಂದು ರೂಪಿಸಿದವು ಅವು. ನಿಮ್ಮ ಬೆಟ್ಟದಲ್ಲಿ ಹೇಗೆ ಬರುತ್ತವೆ ಎಂಬುದನ್ನು ಊಟಿಯ ಮುತ್ತೊರೈನಲ್ಲಿರುವ ಅದೇ ಸಂಸ್ಥೆಯ ಕೇಂದ್ರವನ್ನು ಕೇಳಿ. ಶುದ್ಧ ಸಸಿ ಎಲ್ಲಿ ಸಿಗುತ್ತದೆ ಎಂಬುದನ್ನೂ ಅಲ್ಲೇ ವಿಚಾರಿಸಿ. ಕೇಳುವಾಗ ಈ ಹನ್ನೆರಡು ಗೆಡ್ಡೆಗಳ ಕಥೆಯನ್ನೂ ಮುಚ್ಚಿಡದೆ ಹೇಳಿ.

ಬಕೆಟ್ಟು ಇಟ್ಟಿದ್ದ ಜಾಗವನ್ನು ಎರಡು ಮಳೆಗಾಲ ಗಮನಿಸುತ್ತಿರಿ. ಕಾಳಿನಷ್ಟು ಮರಿಗೆಡ್ಡೆ ಉಳಿದಿದ್ದರೂ ಮೊದಲ ಮಳೆಗೆ ಮೊಳೆಯುತ್ತದೆ. ಅಲ್ಲಿ ಆಲೂ ಕುಡಿ ಕಂಡರೆ, ಎಷ್ಟೇ ಹಸಿರಾಗಿದ್ದರೂ, ಗೆಡ್ಡೆ ಸಮೇತ ಅಗೆದು ಸುಡಿ. ಪಕ್ಕದ ಟೊಮೆಟೊ ಸಾಲಿನಲ್ಲಿ ಎಲೆ ಇದ್ದಕ್ಕಿದ್ದಂತೆ ಅರಿಸಿನದ ಬಣ್ಣಕ್ಕೆ ತಿರುಗಿದರೆ ಔಷಧ ಹೊಡೆಯುವ ಮೊದಲು ಒಂದು ಫೋಟೊ ತೆಗೆದು, ಆ ಗಿಡವನ್ನು ಅಲ್ಲಿಯೇ ಚೀಲ ಹೊದಿಸಿ ಕಟ್ಟಿ, ತೋಟಗಾರಿಕೆ ಕಚೇರಿಗೆ ಅದೇ ದಿನ ಫೋನ್ ಮಾಡಿ.